ಅಲಾಯಿ ಬರುವ ಮುಂಚೆ

“ಹಾಡಿಸಿ ತರ್ರಿ, ಇಲ್ಲಾಂದ್ರ ಆ ಪದ ಕೈಬಿಟ್ಟು ಇಂಗ್ಲಿಷ್ ಪದ್ಯ ಹಾಕ್ರಿ” ಎಂದರು ನನ್ನ ಗೈಡ್. ಸೋಮವಾರ ಸಂಶೋಧನಾ ಸಮಿತಿ ಕೂಡುವುದಿತ್ತು.

ಪಿಎಚ್.ಡಿ.ಗೆ ನಾನು ಎರಡು ಹಾಡುಗಳನ್ನು ಹೋಲಿಸುತ್ತಿದ್ದೆ. ಒಂದು ಸಿಂಧನೂರು ಹತ್ತಿರದ ಆರ್.ಎಚ್. ಕ್ಯಾಂಪಿನ ಬಂಗಾಳಿ ನಿರಾಶ್ರಿತ ಹೆಂಗಸರದು. ಹೊಳೆ ದಾಟುವಾಗ ಕೂಸು ಕಳೆದುಕೊಂಡ ತಾಯಿಯ ಅಳು ಅದು. ಅಚ್ಚಾಗಿದೆ, ಇಂಗ್ಲಿಷಿಗೂ ಹೋಗಿದೆ. ಇನ್ನೊಂದು ಮಸ್ಕಿಯ ಗುಲ್ಷನ್‌ಬೀ ಹಾಡುವ ಮೊಹರಂ ಪದ. ಕರ್ಬಲಾದಲ್ಲಿ ನೀರಿಲ್ಲದೆ ಬಾಡುವ ಕೂಸನ್ನು ನೋಡುತ್ತ ಕೂತ ತಾಯಿಯ ಅಳು. ಅದು ಇರುವುದು ಆಕೆಯ ಬಾಯಲ್ಲಿ ಮಾತ್ರ. ಹೋದ ವರ್ಷ ಮೊಹರಂನಲ್ಲಿ, ಇಲ್ಲಿನವರು ಅಲಾಯಿ ಅನ್ನುವ ಹಬ್ಬದಲ್ಲಿ, ಹಲಗೆಯ ಸದ್ದಿನ ನಡುವೆ ನನ್ನ ಫೋನಿಗೆ ಒಂದು ಸಾಲೂ ನೆಟ್ಟಗೆ ಸಿಕ್ಕಿರಲಿಲ್ಲ.

ಶನಿವಾರ ಮಸ್ಕಿಗೆ ಹೋದೆ. ಬಾಗಿಲು ತೆರೆದವಳು ಆಕೆಯ ಸೊಸೆ ಮಹೆಕ್, ದಿನ ತುಂಬಿದ ಬಸುರಿ. ಗುಲ್ಷನ್‌ಬೀ ಕೆಮ್ಮುತ್ತಲೇ ಚಾಪೆ ಹಾಸಿದರು. ಬಂದ ಕಾರಣ ಹೇಳಿದೆ.

“ಅಲಾಯಿ ದೇವ್ರು ಕುಂದ್ರೂ ತನಕ ಈ ಪದ ಬಾಯಾಗ ತರಬಾರ್ದವ್ವ. ಸುಮ್‌ಸುಮ್ಕ ಮನ್ಯಾಗ ಅತ್ರ, ಅಳೂದು ಮನಿ ಹುಡುಕ್ಕೊಂಡು ಬರ್ತದ ಅಂತಾರ. ಹಾಡದಿದ್ರ ಏನಾಕ್ಕೈತಿ?”

“ನಮ್ಮ ಸರ್ ನಿಮ್ಮ ಪದ ತಗದು, ಆ ಜಾಗಕ್ಕ ಇಂಗ್ಲಿಷ್ ಪದ್ಯ ಇಡಸ್ತಾರಮ್ಮ.”

ಆಕೆ ನಕ್ಕರು. “ಬಂಗಾಳದಾಕಿ ಜೋಡಿ ಅಳಾಕ ಇಂಗ್ಲಿಷ್ ಹೆಣ್ಮಗಳು ಬರ್ತಾಳ? ಬರ್ಲಿ ಬಿಡು, ಪಾಪ, ಆಕಿಗೂ ಕೂಸು ಹೋಗಿರಬೇಕು.”

ನಗು ಕೆಮ್ಮಾಯಿತು. ನಿಲ್ಲಲೇ ಇಲ್ಲ. ನಿಂತ ಮೇಲೆ ನನ್ನನ್ನೇ ನೋಡಿದರು.

“ನನ್ ಹಿಂದ ಯಾರಿಗೂ ಇದು ಬರಂಗಿಲ್ಲ. ಇಷ್ಟು ದೂರ ಬಂದಿ. ಫೋನ್ ಹಚ್ಚು.”

ಹಚ್ಚಿದೆ. ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆದರೂ ಕಣ್ಣು ಸೊಸೆಯ ಕಡೆ ಹೋಯಿತು. ಅಡಿಗೆಮನೆಯ ಹೊಸ್ತಿಲಲ್ಲಿ ಮಹೆಕ್ ಅಕ್ಕಿ ಆರಿಸುವುದನ್ನು ನಿಲ್ಲಿಸಿ, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು. ಅತ್ತೆಯನ್ನಲ್ಲ, ನನ್ನನ್ನು ನೋಡುತ್ತಿದ್ದಳು. ಈಗ ಹಾಡಿಸಿದರೆ, ಮುಂದೆ ಕೂಸಿಗೆ ಯಾವ ಕಾರಣಕ್ಕೆ ಏನೇ ಆದರೂ, ಈ ಹುಡುಗಿಗೆ ನೆನಪಾಗುವುದು ನನ್ನ ಮುಖ. ಬೇಡವೆಂದರೆ, ಈ ಕೆಮ್ಮು ಆಕೆಯನ್ನು ಅಲಾಯಿವರೆಗೆ ಬಿಡುತ್ತದೆಯೇ?

ಗುಲ್ಷನ್‌ಬೀ ಕಣ್ಣು ಮುಚ್ಚಿ ಉಸಿರು ತೆಗೆದುಕೊಂಡರು.

“ಬ್ಯಾಡ್ರಿ ಅಮ್ಮಾ!”

ನನ್ನ ದನಿ ನನಗೇ ಜೋರೆನಿಸಿತು. ಮಹೆಕ್ ಎದ್ದು ಚಹಾಕ್ಕಿಟ್ಟಳು.

ಬಸ್ ಸ್ಟ್ಯಾಂಡಿನಲ್ಲಿದ್ದಾಗ ಗೈಡ್ ಫೋನ್ ಮಾಡಿದರು. “ಸಿಕ್ತೇನ್ರಿ?”

“ಅಲಾಯಿಗೆ ಸಿಗ್ತದ ಸರ್. ಅಲ್ಲೀತನಕ ಆ ಅಧ್ಯಾಯ ಖಾಲಿ ಇಡ್ತೀನಿ.”

“ಖಾಲಿ ಹಾಳಿ ಜೋಡಿ ಏನ್ ಹೋಲಿಸ್ತೀರಿ? ಇಂಗ್ಲಿಷಿಂದು ಹಾಕ್ರಿ. ಎಲ್ಲಾರಿಗೂ ಗೊತ್ತಿದ್ದದ್ದು, ಯಾರೂ ಕೇಳಂಗಿಲ್ಲ.”

“ಇಲ್ಲ ಸರ್” ಎಂದೆ. ಅವರು ಫೋನ್ ಇಟ್ಟರು. ಸೋಮವಾರ ಸಮಿತಿ ನನ್ನ ವಿಷಯವನ್ನು ಮುಂದೂಡಿತು. ಎಲ್ಲಿಯವರೆಗೆ ಎಂದು ಹೇಳಲಿಲ್ಲ.

ಮರುದಿನ ಮಹೆಕಳ ನಂಬರಿನಿಂದ ಫೋನ್ ಬಂತು. ಎತ್ತಲು ಹೆದರಿ, ಕೊನೆಗೆ ಎತ್ತಿದೆ. ಗುಲ್ಷನ್‌ಬೀ.

“ಹೆಣ್ಣು ಕೂಸು ಬೇಟಿ, ಇಬ್ರೂ ಆರಾಮದಾರ. ಇನ್ನ ಅಲಾಯಿ ತನಕ ನಾ ಉಳೀಬೇಕು, ಅಷ್ಟ.”

ಆಕೆ ನಕ್ಕರು. ನನಗೆ ನಗಲಾಗಲಿಲ್ಲ.