ಕರಿಸಿದ್ದಪ್ಪನ ಗಾಳಿ ಬ್ರೇಕು

ಭಂಡಾರದ ಚೀಲಕ್ಕೆ ಹಾಕಿದ್ದ ಕೈಯನ್ನು ತಿರಕಪ್ಪ ಬರಿದಾಗಿಯೇ ಹೊರತೆಗೆದ. ಬಮ್ಮಿಗಟ್ಟಿಯ ಬೀರಪ್ಪನ ಗುಡಿಯ ಪೂಜಾರಿ ಅವನು. ಸತ್ತವರ ಹಣೆಗೆ ಅರಿಶಿನದ ಭಂಡಾರ ಹಚ್ಚಿ ಕಳಿಸುವುದು ಅವನ ಕೆಲಸ. ಗೋಡೆಗೆ ಒರಗಿಸಿ ಕೂಡಿಸಿದ್ದ ಲಾರಿ ಡ್ರೈವರ್ ಕರಿಸಿದ್ದಪ್ಪನ ಹೆಣದ ಹಣೆ ಬೋಳಾಗಿಯೇ ಉಳಿಯಿತು.

“ಇವಗ ಭಂಡಾರ ಹಚ್ಚಾಕ ಬರೂದಿಲ್ಲವ್ವಾ ಕೆಂಚವ್ವಾ,” ಎಂದ. “ಇನ್ನ ಕುಡಿಯೂದಿಲ್ಲಂತ ಭಂಡಾರ ಮುಟ್ಟಿ ಆಣಿ ಮಾಡಿದ್ದ. ಮುರದಾನ.”

“ನನ್ನ ಗಂಡ ಕುಡದಿದ್ದಿಲ್ಲ,” ಎಂದಳು ಕೆಂಚವ್ವ.

“ಹಂಗಾರ ಹಾಡಹಗಲ, ಎದುರಿಗೆ ಒಂದ ಚಕ್ಕಡಿ ಸೈತ ಇಲ್ಲದಾಗ, ಹುಣಸಿಮರಕ್ಕ ಹ್ಯಾಂಗ ಹಾದ? ಇವನಂಥಾ ಡ್ರೈವರ್?”

ದೇವಿಕೊಪ್ಪದ ಇಳಿಜಾರಿನಲ್ಲಿ ಲಾರಿ ಮರಕ್ಕೆ ಗುದ್ದಿದ್ದು ನಿನ್ನೆ. ಊರಿನವರ ಲೆಕ್ಕ ನೆಟ್ಟಗಿತ್ತು: ಕರಿಸಿದ್ದಪ್ಪನಂಥವನು ಕುಡಿಯದೆ ಮರಕ್ಕೆ ಗುದ್ದುವುದಿಲ್ಲ. ಒಳ್ಳೆಯ ಡ್ರೈವರ್ ಎಂದು ಜೀವಮಾನವಿಡೀ ಗಳಿಸಿದ ಹೆಸರೇ ಅವನಿಗೆ ಮುಳುವಾಗಿತ್ತು. ಲಾರಿಯ ಸಾಹುಕಾರನಂತೂ ಹಾರ ಹಾಕಿ, ‘ಚಟ ಕೆಟ್ಟದ್ದು’ ಎಂದು ನಾಲ್ಕು ಜನರಿಗೆ ಕೇಳಿಸುವಂತೆ ಹೇಳಿ ಹೋಗಿದ್ದ. ಅವನಿಗೇನು, ಎಲುಬಿಲ್ಲದ ನಾಲಿಗೆ.

ಕಲಘಟಗಿಯ ಗ್ಯಾರೇಜಿನ ಇಮಾಮುದ್ದೀನ ಅವಳನ್ನು ಹಿತ್ತಲಿಗೆ ಕರೆದ. ಗಂಡನ ಹಳೆಯ ಗೆಳೆಯ. ನಿನ್ನೆ ಕ್ಯಾಬಿನ್ನಿನಿಂದ ಹೆಣ ಹೊರಗೆಳೆದವನೂ ಅವನೇ.

“ವೈನಿ, ಅವ ಕುಡದಿದ್ದಿಲ್ಲ. ಬಾಯಿ ಮೂಸಿ ನೋಡೇನಿ.”

“ಮತ್ತ ಅದನ್ನ ಅಲ್ಲಿ ಯಾಕ ಹೇಳವಲ್ಲಿ, ಇಮಾಮಣ್ಣಾ?”

“ಹೇಳಿದ್ರ, ಹಂಗಾರ ಹ್ಯಾಂಗ ಸತ್ತ ಅಂತ ಕೇಳ್ತಾರ. ಅದನ್ನ ಹೇಳಾಕ ನನಗ ಬಾಯಿ ಬರವಲ್ದು.”

*

ಅದೇ ವರ್ಷ, ಎಂದರೆ ಎಂಬತ್ತೈದರ ಯುಗಾದಿಗೆ, ಸಾಹುಕಾರ ಗಾಳಿ ಬ್ರೇಕಿನ ಹೊಸ ಲಾರಿ ತಂದಿದ್ದ. ಅಲ್ಲಿಯವರೆಗೆ ಕರಿಸಿದ್ದಪ್ಪ ಓಡಿಸಿದ್ದೆಲ್ಲ ಎಣ್ಣೆ ಬ್ರೇಕಿನ ಗಾಡಿಗಳು. ಬ್ರೇಕು ಸಡಿಲವೆನಿಸಿದರೆ ಪೆಡಲನ್ನು ಪಟಪಟ ತುಳಿಯಬೇಕು, ಆಗ ಬಿಗಿಯಾಗಿ ಹಿಡಿಯುತ್ತಿತ್ತು.

“ಇದರಾಗ ಹಂಗ ತುಳೀಬ್ಯಾಡ,” ಎಂದು ಇಮಾಮುದ್ದೀನ ಗಾಳಿಯ ಟಾಕಿ ತಟ್ಟಿ ತೋರಿಸಿದ್ದ. “ಇಂಜಿನ್ ತಿರುಗಿದ್ರಷ್ಟ ಇದರಾಗ ಗಾಳಿ ತುಂಬತೈತಿ. ನೀ ಕಾಲ ಎತ್ತಿದಾಗೊಮ್ಮೆ ಒಂದಿಷ್ಟ ಹೊರಗ ಹೋಗತೈತಿ. ಒಮ್ಮೆ ತುಳದು ಹಂಗ ಹಿಡಕೊ. ಇಳಕಲದಾಗ ಇಂಜಿನ್ ಬಂದ್ ಮಾಡಿ ಪಟಪಟ ತುಳದಿ ಅಂದ್ರ ಟಾಕಿ ಖಾಲಿ. ಆಮ್ಯಾಲೆ ದೇವರ ಗತಿ.”

“ನನಗ ಬ್ರೇಕ್ ಕಲಸ್ತೀಯೇನಲೇ ಇಮಾಮಾ,” ಎಂದು ಕರಿಸಿದ್ದಪ್ಪ ಹೊಗೆಸೊಪ್ಪು ಉಗುಳಿ ನಕ್ಕಿದ್ದ. “ನೀ ನಟ್ಟ ಬಿಚ್ಚೂ ಪಾನಾ ಹಿಡಿಯೂ ಮೊದ್ಲ ನಾ ಸ್ಟೇರಿಂಗ್ ಹಿಡದೇನಿ.”

ಇಳಿಜಾರಿನಲ್ಲಿ ಇಂಜಿನ್ ನಿಲ್ಲಿಸಿ ಡೀಸೆಲ್ ಉಳಿಸುವುದು ಎಲ್ಲ ಡ್ರೈವರರ ರೂಢಿ. ಸಾಹುಕಾರನಿಗೂ ಅದೇ ಬೇಕಿತ್ತು. ಕರಿಸಿದ್ದಪ್ಪ ಇಮಾಮುದ್ದೀನನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕುಡಿಯುತ್ತಿದ್ದ ದಿನಗಳಲ್ಲಿ ಯಾರಾದರೂ ಕುಡುಕ ಎಂದರೆ ನಗುತ್ತಿದ್ದವನು, ಗಾಡಿ ಹೊಡೆಯಲು ಬರುವುದಿಲ್ಲ ಎಂದರೆ ಮಾತ್ರ ಕೊರಳಪಟ್ಟಿ ಹಿಡಿಯುತ್ತಿದ್ದ.

*

“ಕೀಲಿ ಬಂದ್ ಇತ್ತು, ಗೇರ್ ಇದ್ದಿಲ್ಲ, ಗಾಳಿ ಮೀಟರಿನ ಮುಳ್ಳು ಸೊನ್ನಿಗೆ ಬಂದಿತ್ತು,” ಎಂದ ಇಮಾಮುದ್ದೀನ. “ಪೈಪ್ ಒಂದೂ ಒಡದಿಲ್ಲ. ಹಳೇ ರೂಢಿ, ಇದ್ದ ಗಾಳಿ ಎಲ್ಲಾ ತುಳದ ತುಳದ ಖಾಲಿ ಮಾಡ್ಯಾನ. ಕುಡುಕ ಅಂದ್ರ ಮಂದಿ ನಾಕ ದಿನಕ್ಕ ಮರೀತಾರ, ವೈನಿ. ಬ್ರೇಕ್ ಹಾಕಾಕ ಬರದ ಸತ್ತ ಅಂದ್ರ ಡ್ರೈವರ್ ಮಂದಿ ಆಡಿಕೊಂಡ ನಗ್ತಾರ. ನೀ ಹೇಳಂದ್ರ ಹೇಳ್ತೇನಿ.”

ಕೆಂಚವ್ವನಿಗೆ ಗಂಡನ ಮೇಲೆ ಸಿಟ್ಟು ಬಂತು. ಎರಡರಲ್ಲಿ ಯಾವ ಅವಮಾನ ಎಂದು ಆರಿಸುವ ಕೆಲಸವನ್ನೂ ಸಾಯುವಾಗ ತನ್ನ ತಲೆಗೇ ಕಟ್ಟಿ ಹೋದನಲ್ಲ. ಆಣೆ ಮಾಡಿಸಿದವಳು ಅವಳು. ಬೈದುಕೊಳ್ಳುತ್ತಲೇ ಅದನ್ನು ಉಳಿಸಿಕೊಂಡವನು ಅವನು.

“ಹೇಳು,” ಎಂದಳು. “ದೇವರ ಮುಂದ ಸುಳ್ಳಗಾರ ಆಗಿ ಹೋಗೂದ ಬ್ಯಾಡ.”

ಇಮಾಮುದ್ದೀನ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದ. ತಿರಕಪ್ಪ ಅವನನ್ನು ಒಂದೆರಡು ಮಾತು ಕೇಳಿ, ಚೀಲ ಬಿಚ್ಚಿ, ಕರಿಸಿದ್ದಪ್ಪನ ಹಣೆಯ ತುಂಬ ಭಂಡಾರ ಹಚ್ಚಿದ. ಡೊಳ್ಳು ಶುರುವಾಯಿತು. ಹೆಣ ಎತ್ತಿದರು. ಕೆಂಚವ್ವ ಹಳದಿ ಹಣೆಯನ್ನು ಕಣ್ತುಂಬ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಬೇಲಿಯ ಕಡೆ ತಿರುಗಿದಳು.

ಅಲ್ಲಿ ಡ್ರೈವರುಗಳು ಗುಂಪಾಗಿ ನಿಂತಿದ್ದರು. ಕರಿಸಿದ್ದಪ್ಪನ ಕೈಯಲ್ಲೇ ಲಾರಿ ಕಲಿತ ಗುಡದಪ್ಪ ನಡುವೆ ನಿಂತು, ಬಲಗಾಲೆತ್ತಿ ನೆಲವನ್ನು ಪಟಪಟ ತುಳಿದು ತೋರಿಸುತ್ತಿದ್ದ. ಉಳಿದವರು ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದರು. ಡೊಳ್ಳಿನ ಸದ್ದಿನಲ್ಲಿ ನಗು ಕೇಳಿಸಲಿಲ್ಲ. ಗುಡದಪ್ಪನ ಚಪ್ಪಲಿಯ ಕೆಳಗಿಂದ ಧೂಳು ಏಳುತ್ತಿದ್ದುದು ಮಾತ್ರ ಅವಳಿಗೆ ಕಂಡಿತು.