ರೋಗದ ಹೊಲದ ಹಾಜಿಮಲಂಗ್

ಮೊಣಕಾಲುದ್ದ ಅಗೆದಾಗಿತ್ತು, ಅಷ್ಟರಲ್ಲಿ ಅಮೀರ್ ಅಲಿ ಕಬರಸ್ತಾನದ ಬಾಗಿಲಿಗೆ ಬಂದು ಗುದ್ದಲಿ ಕೆಳಗಿಡಲು ಹೇಳಿದ. ಅಗೆಯುತ್ತಿದ್ದ ಇಬ್ಬರೂ ಮರುಮಾತಾಡದೆ ಗುದ್ದಲಿ ಇಟ್ಟು, ತೆಗೆದ ಮಣ್ಣಿನ ಗುಪ್ಪೆಯ ಮೇಲೆ ಕುಳಿತು ಬೀಡಿ ಹಚ್ಚಿದರು. ಮಸೀದಿಯ ಹಿರೇತನ ಮಾಡುವವನು ಬೇಡ ಎಂದ ಮೇಲೆ ಆ ಊರಿನಲ್ಲಿ ಯಾರೂ ಕಬರು ಅಗೆಯುವುದಿಲ್ಲ.

ಲಾಲಪ್ಪ ಈ ಸುದ್ದಿ ಹೊತ್ತು ಏದುಸಿರು ಬಿಡುತ್ತ ಬಂದಾಗ ರಹೀಮಾ ಅಪ್ಪನ ತಲೆಯ ಹತ್ತಿರ ಕುಳಿತಿದ್ದಳು. ಬೆಳಗಿನ ಪ್ಯಾಸೆಂಜರಿಗೆ ವಾಡಿಯಿಂದ ಹೊರಟು, ಕುರಕುಂಟಾದಲ್ಲಿ ಇಳಿದು, ಹೊಲಗಳ ನಡುವಿನ ದಾರಿಯುದ್ದಕ್ಕೂ ಅಳುತ್ತ ನಡೆದುಬಂದಿದ್ದಳು. ಹಾಜಿಮಲಂಗನಿಗೆ ಸ್ನಾನ ಮಾಡಿಸಿ ಕಫನ್ ಹೊದಿಸಿಯಾಗಿತ್ತು. ತಾಯಿ ಬಿಬಿಜಾನ್ ಗೋಡೆಗೆ ಒರಗಿ ಕುಳಿತಿದ್ದಳು. ಆಕೆಗೆ ಅಳಲು ಶಕ್ತಿ ಉಳಿದಿರಲಿಲ್ಲ.

“ಕಬರ್ ನಿಂದ್ರಿಸ್ಯಾರ, ಬೇಟಿ,” ಎಂದ ಲಾಲಪ್ಪ. “ನಿಮ್ಮಪ್ಪಗ ಅಲ್ಲಿ ಜಾಗಾ ಇಲ್ಲಂತ.”

ಲಾಲಪ್ಪ ಬದುವಿಗೆ ಬದು ಹತ್ತಿದ ಹೊಲದವನು, ಹಾಜಿಮಲಂಗನ ಒಬ್ಬನೇ ಗೆಳೆಯ. ಅವನು ನಾಚಿಕೆಯಿಂದ, ತಾನೇ ತಪ್ಪು ಮಾಡಿದವನ ಹಾಗೆ, ಉಳಿದದ್ದನ್ನು ಹೇಳಿದ. ಕಬರಸ್ತಾನ ಇರುವುದು ಏರಿನ ಮೇಲೆ. ಅದರ ಕೆಳಗೆ ಅಮೀರ್ ಅಲಿಯ ತೊಗರಿ ಹೊಲ. ಮಳೆ ಬಂದರೆ ಕಬರಸ್ತಾನದ ನೀರೆಲ್ಲ ಆ ಹೊಲಕ್ಕೇ ಇಳಿಯುತ್ತದೆ. ಇಷ್ಟು ವರ್ಷ ತೊಗರಿಯನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗದ ಮಣ್ಣಿನಲ್ಲಿ ಓಡಾಡಿದ ಮೈ ಅದು, ಆ ಮೈ ಮಣ್ಣಾದಾಗ ರೋಗ ನೀರಿನ ಜೊತೆ ಇಳಿಯುವುದಿಲ್ಲವೇ? ಅದಕ್ಕೆ, ಹಾಜಿಮಲಂಗನನ್ನು ಅವನ ರೋಗದ ಹೊಲದಲ್ಲೇ ಇಡಲಿ. ಅವನಿಗೂ ಅದೇ ಪ್ರೀತಿಯ ಜಾಗ.

ರಹೀಮಾ ಸೆರಗು ತಲೆಗೆ ಎಳೆದುಕೊಂಡು ಎದ್ದಳು. ಬಿಬಿಜಾನ್ ಬೇಡವೆಂದು ಕೈ ಹಿಡಿದಳು. ರಹೀಮಾ ಕೈ ಬಿಡಿಸಿಕೊಂಡಳು.

ಮಸೀದಿ ಮುಂದಿನ ಕಟ್ಟೆಯ ಮೇಲೆ ಗಂಡಸರು ತುಂಬಿದ್ದರು. ಅಮೀರ್ ಅಲಿ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಅವನ ಜೊತೆ ಜಗಳವಾಡುವುದಾದರೂ ಸುಲಭವಿತ್ತು. ಅವನು ಅವಳನ್ನು ಕಂಡು ಎದ್ದು ನಿಂತ, ಅವಳ ತಲೆಯ ಮೇಲೆ ಕೈಯಿಡಲು ಬಂದ.

“ಚಾಚಾ, ನಮ್ಮ ಅಬ್ಬಾ ಏನು ತೊಗರಿ ಗಿಡ ಇದ್ನೇನು?” ಎಂದಳು ರಹೀಮಾ. ಅಮೀರ್ ಅಲಿಯ ಕೈ ಅಲ್ಲೇ ನಿಂತಿತು.

“ಹಂಗಲ್ಲ ಬೇಟಿ. ಆ ಹೊಲದ್ದು ಏನೂ ಹೊರಗ ಬರಬಾರದಂತ ಯುನಿವರ್ಸಿಟಿ ಸಾಹೇಬ್ರೇ ಇಲ್ಲಿ ನಿಂತು ಹೇಳ್ಯಾರ. ನಾ ನನ್ನ ಮನಸಿಂದ ಹೇಳಾಕತ್ತಿಲ್ಲ.”

ಕಟ್ಟೆಯ ಮೇಲಿದ್ದ ಒಬ್ಬನೂ ಅದನ್ನು ಅಲ್ಲಗಳೆಯಲಿಲ್ಲ. ಯಾಕೆಂದರೆ ಸಾಹೇಬರು ಅಲ್ಲಿಯೇ ನಿಂತು ಅದನ್ನೇ ಹೇಳಿದ್ದು ನಿಜ.

*

ರಹೀಮಾ ಸಣ್ಣವಳಿದ್ದಾಗ ಸತತ ಎರಡು ವರ್ಷ ಹಾಜಿಮಲಂಗನ ಹೊಲದ ತೊಗರಿ ಹೂವಿಗೆ ಬರುವ ಹೊತ್ತಿಗೆ ನಿಂತಲ್ಲೇ ಒಣಗಿತು. ಸೇಡಂನಲ್ಲಿ ಯಾರೋ ಹೇಳಿದರೆಂದು ಕೃಷಿ ವಿಶ್ವವಿದ್ಯಾಲಯದ ಮಾಣಿಕರಾಯರು ಹುಡುಕಿಕೊಂಡು ಬಂದರು. ಒಣಗಿದ ಗಿಡವೊಂದನ್ನು ಕಿತ್ತು, ಕಾಂಡವನ್ನು ಚಾಕುವಿನಿಂದ ಸೀಳಿ, ಒಳಗಿನ ಕರಿ ಗೆರೆ ತೋರಿಸಿದರು. ಮಣ್ಣಿನಲ್ಲಿರುವ ಬೂಷ್ಟು ಬೇರಿನಿಂದ ಹತ್ತಿ ಗಿಡ ನೀರು ಕುಡಿಯುವ ದಾರಿಯನ್ನೇ ಕಟ್ಟುತ್ತದೆ, ಇದಕ್ಕೆ ಔಷಧವಿಲ್ಲ ಎಂದರು. ಆಮೇಲೆ, ಯಾರೂ ಕೇಳದಂಥ ಒಂದು ಮಾತು ಕೇಳಿದರು. ಈ ಹೊಲವನ್ನು ನಮಗೆ ಬಿಟ್ಟುಕೊಡಿ, ಇದರ ರೋಗವನ್ನು ಇನ್ನೂ ಬೆಳೆಸುತ್ತೇವೆ.

ಊರು ಬಿದ್ದು ಬಿದ್ದು ನಕ್ಕಿತು. ಹಾಜಿಮಲಂಗ್ ನಗಲಿಲ್ಲ. ಮನೆಗೆ ಬಂದು ಹೆಂಡತಿ ಮಗಳನ್ನು ಎದುರು ಕೂರಿಸಿಕೊಂಡು ತಿಳಿಸಿ ಹೇಳಿದ. ಸಾವಿರ ತರದ ತೊಗರಿ ತಂದು ಅದರಲ್ಲಿ ಬಿತ್ತುತ್ತಾರಂತೆ. ಎಲ್ಲವೂ ಸಾಯುವ ಹೊಲದಲ್ಲಿ ಯಾವುದಾದರೂ ಒಂದು ಬದುಕಿ ನಿಂತರೆ, ಅದು ಎಲ್ಲಿ ಬಿತ್ತಿದರೂ ಬದುಕುತ್ತದಂತೆ. ಇದನ್ನು ಹೇಳುವಾಗ ಅವನ ಕಣ್ಣು ಮದುವೆ ಗೊತ್ತಾದ ಹುಡುಗನ ಕಣ್ಣಿನ ಹಾಗಿದ್ದವು ಎಂದು ಬಿಬಿಜಾನ್ ಆಮೇಲೆ ಎಷ್ಟೋ ಸಲ ಗೇಲಿ ಮಾಡುತ್ತಿದ್ದಳು.

ಅವನು ರೋಗವನ್ನು ಸಾಕಿದ. ಬೇರೆಯವರು ಎಮ್ಮೆ ಸಾಕುವ ಹಾಗೆ ಸಾಕಿದ. ಬಂಡಿ ಕಟ್ಟಿಕೊಂಡು ಚಿತ್ತಾಪುರ, ಕಾಳಗಿ ಕಡೆಯ ಹೊಲಗಳಿಗೆ ಹೋಗಿ ಸತ್ತ ಗಿಡಗಳನ್ನು ಬೇಡಿ ತಂದು, ಕೊಚ್ಚಿ, ತನ್ನ ಮಣ್ಣಿನಲ್ಲಿ ಸೇರಿಸಿ ಹರಗಿದ. ಹೊಲದ ಸುತ್ತ ತಂತಿ ಬೇಲಿ ಬಂತು. ಬಾಗಿಲಲ್ಲಿ ಒಂದು ಬಕೆಟ್ಟು ಬಂತು, ಅದರಲ್ಲಿ ಬಾವಿಗೆ ಹಾಕುವ ಕೆಂಪು ಔಷಧದ ನೀರು. ಹೊರಗೆ ಬರುವವರು ಅದರಲ್ಲಿ ಕಾಲು ಅದ್ದಿ ತೊಳೆದುಕೊಳ್ಳಬೇಕು. ರಹೀಮಾಳ ಸಣ್ಣ ಪಾದಗಳನ್ನು ಅವನೇ ಬೆರಳ ಸಂದು ಬಿಡದೆ ಉಜ್ಜುತ್ತಿದ್ದ.

ಆ ವರ್ಷವೇ ಮಾಣಿಕರಾಯರು ಮಸೀದಿ ಕಟ್ಟೆಗೆ ಊರವರನ್ನು ಕರೆಸಿದರು. ಆ ಹೊಲದ ಮಣ್ಣು, ಕುಂಟೆ, ಕೂರಿಗೆ, ಕಾಲು, ಯಾವುದೂ ತೊಳೆಯದೆ ಹೊರಗೆ ಬರಬಾರದು, ಬಂದರೆ ನಿಮ್ಮ ಹೊಲವೂ ಹೋಯಿತೆಂದು ತಿಳಿಯಿರಿ ಎಂದರು. ಅದು ಸರಿಯಾದ ಮಾತೇ. ಆದರೆ ಅದರ ಮುಂದೆ ಇನ್ನೊಂದು ಮಾತು ಹೇಳಬೇಕಿತ್ತು. ಅದನ್ನು ಹೇಳದೆ ಅವರು ಜೀಪು ಹತ್ತಿದರು.

ಊರವರು ಮೊದಲು ಅವನ ಕೂರಿಗೆ ಎರವಲು ತರುವುದು ಬಿಟ್ಟರು. ಆಮೇಲೆ ಕಣಕ್ಕೆ ಕರೆಯುವುದು ಬಿಟ್ಟರು. ಮದುವೆಯ ಊಟಕ್ಕೆ ಕೂತರೆ ಅವನ ಪಕ್ಕ ಜಾಗ ಖಾಲಿ ಉಳಿಯತೊಡಗಿತು. ಈದ್ ದಿನ ನಮಾಜು ಮುಗಿದು ಎಲ್ಲರೂ ಎದೆಗೆ ಎದೆ ಹಚ್ಚುವಾಗ, ಹಾಜಿಮಲಂಗ್ ಸಾಲಿನ ಕೊನೆಯಲ್ಲಿ ನಗುತ್ತ ನಿಂತಿರುತ್ತಿದ್ದ. ದೂರದಿಂದ ಸಲಾಂ ಬರುತ್ತಿತ್ತು, ಮನುಷ್ಯರು ಬರುತ್ತಿರಲಿಲ್ಲ. ರಹೀಮಾಳನ್ನು ನೋಡಲು ಕಾಳಗಿಯಿಂದ ಬಂದವರು ಚಹಾ ಕುಡಿದು, ಹುಡುಗಿ ಚಲೋ ಇದ್ದಾಳೆಂದು ಹೋಗಿ, ಊರ ಬಾಗಿಲಲ್ಲಿ ಯಾರೋ ಏನೋ ಹೇಳಿದ್ದನ್ನು ಕೇಳಿ ಮತ್ತೆ ಬರಲಿಲ್ಲ. ಕಡೆಗೆ ಅವಳನ್ನು ಕೊಟ್ಟದ್ದು ವಾಡಿಯ ರೈಲ್ವೆ ಕೆಲಸಗಾರನಿಗೆ. ಹೊಲ ಇಲ್ಲದವರಿಗೆ ಹೊಲದ ರೋಗದ ಅಂಜಿಕೆ ಇರಲಿಲ್ಲ.

*

ಮಾಣಿಕರಾಯರಿಗೆ ಸಾವಿನ ಸುದ್ದಿ ಗೊತ್ತಿರಲಿಲ್ಲ. ಒಣಗಿದ ಗಿಡಗಳನ್ನು ನೋಡಿಹೋಗಲು ಬಂದ ಅವರ ಜೀಪು ನೇರ ರೋಗದ ಹೊಲಕ್ಕೆ ಹೋಗಿ, ಹಾಜಿಮಲಂಗ್ ಬರಲೆಂದು ಹಾರ್ನ್ ಹೊಡೆಯಿತು. ಲಾಲಪ್ಪ ಹೋಗಿ ಹೇಳಿದ. ಅವರು ಬೇಲಿಯ ಕಂಬ ಹಿಡಿದು ನಿಂತರು, ಆಮೇಲೆ ಕಟ್ಟೆಗೆ ಬಂದರು. ಅವರಿಗೆ ದುಃಖವಾಗಿತ್ತು, ಸುಳ್ಳು ಹೇಳಬಾರದು.

ಅಮೀರ್ ಅಲಿ ಅವರಿಗೆ ಕುರ್ಚಿ ಹಾಕಿಸಿ, ನೀವೇ ಬಂದದ್ದು ಚಲೋ ಆಯಿತೆಂದು ವಿಷಯ ತಿಳಿಸಿದ. ಹಾಜಿಮಲಂಗನನ್ನು ನಿಮ್ಮ ಹೊಲದಲ್ಲೇ ಮಣ್ಣು ಮಾಡುತ್ತೇವೆ ಎಂದ.

ಮಾಣಿಕರಾಯರು ಕುರ್ಚಿಯಿಂದ ಎದ್ದೇಬಿಟ್ಟರು.

“ಆ ಹೊಲದಾಗ ಬ್ಯಾಡ್ರಿ. ತಗ್ಗು ತೆಗೆದ್ರ ಕೆಳಗಿನ ಮಣ್ಣು ಮ್ಯಾಲ ಬರ್ತದ. ಇಷ್ಟು ವರ್ಷ ಬೆಳೆಸಿದ ರೋಗ ಕೆಡ್ತದ.”

ರಹೀಮಾ ಮಸೀದಿಯ ಗೋಡೆಗೆ ಒರಗಿ ನಿಂತಿದ್ದಳು. ಒಂದು ಹೆಣ ಮನೆಯಲ್ಲಿ ಮಲಗಿದೆ, ಊರಿಗೆ ತೊಗರಿಯ ಚಿಂತೆ, ಇವರಿಗೆ ರೋಗದ ಚಿಂತೆ. ಎಲ್ಲರೂ ಇನ್ನೊಬ್ಬರ ಕಡೆಗೆ ಬೆರಳು ತೋರಿಸಿ ಅಲ್ಲಿ ಒಯ್ಯಿರಿ ಎನ್ನುವವರೇ.

ಹಾಗಾದರೆ ಕಬರಸ್ತಾನದಲ್ಲಿ ಇಟ್ಟರೆ ನಮ್ಮ ಹೊಲದ ಗತಿ ಏನೆಂದು ಅಮೀರ್ ಅಲಿ ಕೇಳಿದ. ಮಾಣಿಕರಾಯರಿಗೆ ಮೊದಲು ಆ ಪ್ರಶ್ನೆಯೇ ತಿಳಿಯಲಿಲ್ಲ. ತಿಳಿದ ಮೇಲೆ ಎಲ್ಲರ ಮುಖ ನೋಡಿದರು.

“ಮನುಷ್ಯಾಗ ಈ ರೋಗ ಹತ್ತೂದಿಲ್ಲರಿ. ಇದು ತೊಗರಿ ಬೇರಿನ ಬೂಷ್ಟು. ಮನುಷ್ಯಾನ ಮೈಯಾಗ ಇರಂಗಿಲ್ಲ, ಮೈಯಿಂದ ಬರಂಗಿಲ್ಲ. ಕಬರಸ್ತಾನದಾಗ ಇಡ್ರಿ, ಏನೂ ಆಗಂಗಿಲ್ಲ.”

ಅಮೀರ್ ಅಲಿ ಖರೆಯೇ ಎಂದು ಕೇಳಿದ, ಖರೆ ಎಂದರು. ಸಾಹೇಬರು ಹೇಳಿದ ಮೇಲೆ ಮುಗಿಯಿತು ಎಂದು ಅವನು ಅಗೆಯುವವರಿಗೆ ಹೇಳಿ ಕಳಿಸಿದ. ಅಷ್ಟು ಸುಲಭವಿತ್ತು ಅದು. ಅಷ್ಟು ಸುಲಭವಾಗಿ ಆಗುವ ಕೆಲಸವಾಗಿತ್ತು.

“ಈ ಮಾತು ನಿಮಗ ಯಾವಾಗಿಂದ ಗೊತ್ತಿತ್ರಿ, ಸಾಹೇಬ್ರ?” ಎಂದಳು ರಹೀಮಾ.

“ಮೊದಲಿಂದನೂ ಗೊತ್ತದವ್ವ. ಅದೇನು ದೊಡ್ಡ ಮಾತಲ್ಲ.”

“ನಮ್ಮ ಅಬ್ಬಾನ ಜನ್ಮಾನೇ ಹೋತು ಆ ಮಾತಿಗೆ ಕಾದು. ಒಬ್ಬರರೇ ಎದಿಗೆ ಹಚ್ಚಿಕೊಳ್ಳಿಲ್ಲ ಅವನ್ನ. ಇಷ್ಟು ವರ್ಷ ಎಲ್ಲಿಟ್ಟಿದ್ರಿ ಅದನ್ನ? ಇವತ್ತು ನಿಮ್ಮ ಹೊಲ ಕೆಡ್ತದಂತ ಬಾಯಿ ಬಿಟ್ರಿ.”

“ಯಾರೂ ಕೇಳಿರಲಿಲ್ಲವ್ವ,” ಎಂದರು ಮಾಣಿಕರಾಯರು. ಅದೂ ನಿಜವೇ.

*

ಆ ಮಾತು ಕೇಳಬೇಕೆಂದು ಹಾಜಿಮಲಂಗನಿಗೆ ಆಸೆ ಇತ್ತು. ರೋಗ ಮನುಷ್ಯನಿಂದ ಬರುವುದಿಲ್ಲವೆಂದು ಅವನು ತಾನೇ ಹೇಳಿ ನೋಡಿದ್ದ. ನಂಬಿದವನು ಲಾಲಪ್ಪ ಒಬ್ಬನೇ. ಸಾಹೇಬರ ಬಾಯಿಂದ ಬಂದರೆ ಊರು ನಂಬುತ್ತದೆ, ಹೇಳುತ್ತಾರೆ ಬಿಡು, ಹೊಸ ಬೀಜ ಕೈಗೆ ಬಂದ ದಿನ ಎಲ್ಲರ ಮುಂದೆ ಹೇಳುತ್ತಾರೆ ಎಂದು ಮಗಳಿಗೆ ಹೇಳುತ್ತಿದ್ದ.

ಆ ದಿನ ಬಂದೇ ಬಂತು. ಸುತ್ತಲಿನ ಸಾಲುಗಳೆಲ್ಲ ಕಟ್ಟಿಗೆಯಾಗಿ ನಿಂತ ಹೊಲದಲ್ಲಿ ಒಂದು ಸಾಲು ಹಸಿರಾಗಿ ನಿಂತಿತು. ಮರುವರ್ಷವೂ ನಿಂತಿತು, ಅದರ ಮರುವರ್ಷವೂ. ಆ ಸಾಲಿನ ಬೀಜವನ್ನು ಬೇರೆ ಕಡೆ ಹೆಚ್ಚಿಸಿ, ರೈತರಿಗೆ ಹಂಚಲು ಹೊಲದ ಪಕ್ಕದಲ್ಲೇ ಶಾಮಿಯಾನ ಹಾಕಿದರು. ಕಲಬುರಗಿಯಿಂದ ಕಾರುಗಳು ಬಂದವು. ಹಾಜಿಮಲಂಗ್ ಒಗೆದ ಪೈಜಾಮ ಹಾಕಿಕೊಂಡು, ಅತ್ತರು ಹಚ್ಚಿಕೊಂಡು, ಬೆಳಗಿನಿಂದಲೇ ಹಸಿರು ಸಾಲನ್ನು ಬಂದವರಿಗೆ ತೋರಿಸುತ್ತ ಬೇಲಿಯೊಳಗೆ ಓಡಾಡಿದ.

ಕಾರ್ಯಕ್ರಮ ಸುರುವಾಗುವಾಗ ಅವನು ಕಾಲು ತೊಳೆದುಕೊಂಡು ಹೊರಬರಲು ನೋಡಿದ. ಮಾಣಿಕರಾಯರು ಅವಸರದಲ್ಲಿದ್ದರು. ದೊಡ್ಡ ದೊಡ್ಡವರು ಬಂದಿದ್ದಾರೆ, ಬೀಜದ ಚೀಲಗಳು ಇಲ್ಲೇ ಇವೆ, ಸ್ವಲ್ಪ ಹೊತ್ತು ನೀವು ಒಳಗೇ ಇರಿ ಎಂದರು. ಇದ್ದ. ಮೊದಲ ಬೀಜದ ಚೀಲವನ್ನು ವೇದಿಕೆಯ ಮೇಲೆ ಅಮೀರ್ ಅಲಿಗೆ ಕೊಟ್ಟರು, ಚಪ್ಪಾಳೆ ಬಿತ್ತು. ಹಾಜಿಮಲಂಗ್ ತಂತಿಯ ಆಚೆ ನಿಂತು ತಾನೂ ಚಪ್ಪಾಳೆ ತಟ್ಟಿದ. ಭಾಷಣಗಳು ಮುಗಿಯುವವರೆಗೆ ಅವನು ಆ ಮಾತು ಬರುತ್ತದೆಂದು ಕಾದ. ಜನ ಚದುರಿ, ಶಾಮಿಯಾನ ಬಿಚ್ಚುವಾಗಲೂ ಅವನು ಅಲ್ಲೇ ನಿಂತಿದ್ದ. ರಹೀಮಾ ಹೋಗಿ ಕೈ ಹಿಡಿದು ಕರೆತಂದಳು.

“ಮರೆತಿರಬೇಕವ್ವ,” ಎಂದ. “ಭಾಳ ಗದ್ದಲ ಇತ್ತಲ್ಲ.”

*

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಜನಾಜಾ ಎತ್ತಿದರು. ಹೆಣ್ಣುಮಕ್ಕಳು ಕಬರಸ್ತಾನದೊಳಗೆ ಹೋಗುವುದಿಲ್ಲ. ರಹೀಮಾ ಹಿಂದೆ ಹಿಂದೆ ನಡೆದು ಬಂದು ಬಾಗಿಲ ಹೊರಗಿನ ಬೇವಿನ ಗಿಡದ ಕೆಳಗೆ ನಿಂತಳು. ಮನೆಗೆ ಹೋಗೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಊರಿಗೆ ಊರೇ ಬಂದಿತ್ತು. ಗಿಡ್ಡ ಗೋಡೆಯ ಆಚೆ ಗಂಡಸರು ಒಬ್ಬರಾದ ಮೇಲೆ ಒಬ್ಬರು ಬಗ್ಗಿ ಮೂರು ಮೂರು ಹಿಡಿ ಮಣ್ಣು ಕೊಟ್ಟರು. ಅವನ ಪಕ್ಕ ಊಟಕ್ಕೆ ಕೂಡದವರು ಕೊಟ್ಟರು. ಅಮೀರ್ ಅಲಿ ಕೊಡುವಾಗ ತುಟಿ ಕಚ್ಚಿಕೊಂಡಿದ್ದ. ಲಾಲಪ್ಪ ಕೊಟ್ಟ. ಮಾಣಿಕರಾಯರೂ ಕೊಟ್ಟು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕಡೆಗಾದರೂ ಬಂದರಲ್ಲ, ಮುಟ್ಟಿದರಲ್ಲ ಎಂದುಕೊಂಡಳು ರಹೀಮಾ. ಅಬ್ಬಾ ಇದ್ದಿದ್ದರೆ ಎಲ್ಲರನ್ನೂ ಒಳಗೆ ಕರೆದು ಕೂರಿಸಿ ಚಹಾ ಮಾಡಿಸುತ್ತಿದ್ದ.

ಮಾಣಿಕರಾಯರು ಮೊದಲು ಹೊರಗೆ ಬಂದರು. ಜೀಪಿನ ಡ್ರೈವರ್ ಬಾಗಿಲಲ್ಲಿ ಬಕೆಟ್ಟು ತಂದಿಟ್ಟಿದ್ದ. ಸಾಹೇಬರು ಈ ಊರಿನ ಮಣ್ಣಿನಿಂದ ಬಂದರೆ ಬಕೆಟ್ಟು ಇಡುವುದು ಅವನ ರೂಢಿ. ಮಾಣಿಕರಾಯರು ಏನೂ ಯೋಚಿಸಲಿಲ್ಲ. ಯೋಚಿಸಬೇಕಾದಾಗಲೂ ಯೋಚಿಸಲಿಲ್ಲ. ಪ್ಯಾಂಟು ಮಡಚಿ, ಕೆಂಪು ನೀರಿನಲ್ಲಿ ಒಂದು ಬೂಟು ಅದ್ದಿ ಬ್ರಷ್ಷಿನಿಂದ ಉಜ್ಜಿದರು, ಆಮೇಲೆ ಇನ್ನೊಂದು. ಕೈಯನ್ನೂ ತೊಳೆದುಕೊಂಡರು.

ಹಿಂದೆ ಬಂದ ಅಮೀರ್ ಅಲಿ ನಿಂತು ನೋಡಿದ. ಸಾಹೇಬರ ಮುಖ ನೋಡಿದ, ಬೂಟು ನೋಡಿದ. ಆಮೇಲೆ ಚಪ್ಪಲಿ ಕಳಚಿ ಬಕೆಟ್ಟಿನಲ್ಲಿ ಕಾಲಿಟ್ಟ.

ಅವನ ಹಿಂದೆ ಸಾಲು ಬೆಳೆಯಿತು. ಕಾಲು ತೊಳೆದರು, ಕೈ ತೊಳೆದರು, ಉಗುರಿನ ಸಂದಿಯ ಮಣ್ಣನ್ನೂ ಬಿಡದೆ ತಿಕ್ಕಿದರು. ಸರದಿ ಬಂದಾಗ ಲಾಲಪ್ಪ ಎರಡೂ ಕೈ ಬೆನ್ನಿನ ಹಿಂದೆ ಕಟ್ಟಿಕೊಂಡು ಪಕ್ಕಕ್ಕೆ ಸರಿದು ನಿಂತ.

ಮಾಣಿಕರಾಯರು ತಿರುಗಿ ಆ ಸಾಲನ್ನು ನೋಡಿದಾಗ ಅವರ ಬಾಯಿ ತೆರೆಯಿತು. ಈ ಸಲ ಅವರು ಹೇಳಲೇ ಹೊರಟಿದ್ದರೇನೋ. ಅಷ್ಟರಲ್ಲಿ ರಹೀಮಾ ಬೇವಿನ ಗಿಡದ ಕೆಳಗಿಂದ ಬಂದು, ಗಂಡಸರ ನಡುವೆ ನುಗ್ಗಿ, ಬಕೆಟ್ಟನ್ನು ಒದ್ದಳು.

ಸಾಲು ಚದುರಿತು. ಅಪ್ಪನ ಕಬರಿನ ಮಣ್ಣು ಕದಡಿದ ಕೆಂಪು ನೀರು ಬಾಗಿಲಿನಿಂದ ಇಳಿಜಾರಿಗೆ ಹರಿಯಿತು, ದಾರಿ ದಾಟಿತು, ಅಮೀರ್ ಅಲಿಯ ಹೊಲದ ಬದು ಒಡೆದಿದ್ದ ಕಡೆ ನುಗ್ಗಿ ಮೊದಲ ಸಾಲಿನ ಬೇರುಗಳಿಗೆ ಇಳಿಯಿತು. ಅಯ್ಯೋ ಎಂದು ಅಮೀರ್ ಅಲಿ ತೊಯ್ದ ಕಾಲಿನಲ್ಲೇ ಆ ಕಡೆ ಓಡಿದ. ಆ ಹಸಿರು ಸಾಲಿನ ಬೀಜದಿಂದ ಬಂದ ತೊಗರಿ ಅವನ ತಲೆಗಿಂತ ಎತ್ತರ ಬೆಳೆದಿತ್ತು, ಕಾಯಿಯ ಭಾರಕ್ಕೆ ಬಾಗಿತ್ತು. ಏರಿನ ಕೆಳಗಿನಿಂದ ಹಳ್ಳದವರೆಗೆ ಅದರಲ್ಲಿ ಒಂದು ಗಿಡವೂ ಒಣಗಿರಲಿಲ್ಲ.