ಬೆಸ ಸಂಖ್ಯೆಯ ಚೀಲಗಳು

ರಕ್ತನಿಧಿಯ ಕಂಪ್ಯೂಟರಿಗೂ ಆಸ್ಪತ್ರೆಯ ಕಂಪ್ಯೂಟರಿಗೂ ಮಾತುಕತೆ ಕೂಡಿಸುವ ಕೆಲಸ ಒಂದೇ ಮನೆಯವರ ತಲೆಗೆ ಬಿದ್ದಿತ್ತು. ರಕ್ತನಿಧಿಯ ಕಡೆ ತಂಗಿ. ಅವಳ ಪ್ರೋಗ್ರಾಂ ಹಳೇ ಜಾವಾ ಭಾಷೆಯದು. ಆಸ್ಪತ್ರೆಯ ಕಡೆ ಅವಳ ಭಾವ, ಅಕ್ಕನ ಗಂಡ; ಅವನದು ಜಾವಾಸ್ಕ್ರಿಪ್ಟ್ ಭಾಷೆ. ಹೆಸರು ಕೇಳಿದರೆ ಒಡಹುಟ್ಟಿದವು, ಗುಣ ನೋಡಿದರೆ ಮುಖಪರಿಚಯವೂ ಇಲ್ಲ ಎನ್ನುತ್ತಿದ್ದಳು ತಂಗಿ. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕ ಇಬ್ಬರ ನಡುವೆ ಸಿಕ್ಕಿಕೊಂಡಿದ್ದಳು.

ಪರೀಕ್ಷೆಯ ದಿನ ಬೆಳಿಗ್ಗೆ ಅಕ್ಕ ರಕ್ತದ ಬದಲು ನೀರು ತುಂಬಿದ ಇಪ್ಪತ್ತು ಚೀಲಗಳನ್ನು ಸಾಲಾಗಿಟ್ಟು ಸ್ಕ್ಯಾನ್ ಮಾಡಿದಳು. ಹನ್ನೊಂದು ಚೀಲಕ್ಕೆ ಪರದೆ ಹಸಿರಾಯಿತು. ಉಳಿದ ಒಂಬತ್ತಕ್ಕೆ ಕೆಂಪು: 'ಇಂಥ ಚೀಲ ಇಲ್ಲ.'

"ನಿನ್ನ ಕಡೆಯಿಂದಲೇ ತಪ್ಪು ನಂಬರ್ ಬರ್ತಿದೆ," ಎಂದ ಭಾವ.

"ನಾನು ಸರಿಯಾಗೇ ಕಳಿಸ್ತಿದ್ದೀನಿ. ನೀವೇ ನುಂಗ್ತಿದ್ದೀರಿ, ಭಾವ."

"ಮಧ್ಯಾಹ್ನ ದೊಡ್ಡ ಡಾಕ್ಟರ್ ನೋಡೋಕೆ ಬರ್ತಾರೆ," ಅಕ್ಕ ಗದರಿದಳು. "ಆಗಲೂ ಹೀಗೇ ಆದ್ರೆ ರಕ್ತ ಬೇಕಾದಾಗೆಲ್ಲ ಮತ್ತೆ ಅದೇ ಫೋನು, ಅದೇ ಚೀಟಿ. ಜಗಳ ಮನೇಲಿ ಆಡ್ಕೊಳ್ಳಿ."

ತಂಗಿ ಕಾಗದ ಎಳೆದುಕೊಂಡಳು. ಚೀಲದ ಮೇಲಿದ್ದದ್ದು ಹದಿನೇಳು ಅಂಕಿಯ ಉದ್ದನೆಯ ಸಂಖ್ಯೆ. ತಾನು ಕಳಿಸಿದ್ದನ್ನೂ ಭಾವನ ಪರದೆಗೆ ಬಂದದ್ದನ್ನೂ ಅಕ್ಕಪಕ್ಕ ಬರೆದಳು. ಕೊನೆಯಲ್ಲಿ ಇಪ್ಪತ್ತೇಳು ಇದ್ದದ್ದು ಇಪ್ಪತ್ತೆಂಟಾಗಿತ್ತು, ನಲವತ್ತೊಂದು ನಲವತ್ತಾಗಿತ್ತು.

"ಭಾವ, ಕೆಟ್ಟದ್ದೆಲ್ಲ ಬೆಸ ಸಂಖ್ಯೆ! ಸಮ ಸಂಖ್ಯೆ ಒಂದೂ ಕೆಟ್ಟಿಲ್ಲ!"

ಭಾವ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. "ಅಯ್ಯೋ, ಹೌದಲ್ಲ! ನನ್ನ ಪ್ರೋಗ್ರಾಂ ಸಂಖ್ಯೆ ಹದಿನೈದು ಅಂಕಿ ದಾಟಿದ್ರೆ ಕೊನೇದನ್ನ ಅಂದಾಜಿಗೆ ಪಕ್ಕದ ಸಮ ಸಂಖ್ಯೆ ಮಾಡ್ಬಿಡುತ್ತೆ."

"ಇದನ್ನೇನು ಕೂಡ್ಬೇಕಾ, ಕಳೀಬೇಕಾ? ಇದು ಲೆಕ್ಕ ಅಲ್ಲ, ಚೀಲದ ಹೆಸರು. ಅಕ್ಷರ ಅಂತಲೇ ಕಳಿಸ್ತೀನಿ. ನೀವೂ ಅಕ್ಷರ ಅಂತಲೇ ತಗೊಳ್ಳಿ."

ಇದು ಅಕ್ಷರ ಎಂದು ಕಂಪ್ಯೂಟರಿಗೆ ಹೇಳಲು ಅವಳ ಕಡೆ ಒಂದು ಜೊತೆ ಉದ್ಧರಣ ಚಿಹ್ನೆ, ಅವನ ಕಡೆ ನಾಲ್ಕು ಸಾಲು ತಿದ್ದುಪಡಿ. ಇಬ್ಬರಿಗೂ ಊಟದ ನೆನಪೇ ಆಗಲಿಲ್ಲ.

ದೊಡ್ಡ ಡಾಕ್ಟರ್ ಬಂದು ಕೈಕಟ್ಟಿ ನಿಂತರು. ಅಕ್ಕ ಬೇಕೆಂದೇ ಕೆಂಪಾಗಿದ್ದ ಚೀಲಗಳಿಂದ ಶುರು ಮಾಡಿದಳು. ಹಸಿರು. ಮತ್ತೆ ಹಸಿರು. ತಂಗಿ ಬೆರಳು ಮಡಚಿ ಎಣಿಸುತ್ತಿದ್ದಳು. ಒಂಬತ್ತಕ್ಕೆ ಒಂಬತ್ತು! ಉಳಿದ ಹನ್ನೊಂದೂ ಸಲೀಸಾಗಿ ದಾಟಿದವು.

"ನಾಳೆಯಿಂದ ಚೀಟಿ ಬೇಡ," ಎಂದರು ಡಾಕ್ಟರ್.

ತಂಗಿ ನಿಂತಲ್ಲೇ ಒಂದು ಸುತ್ತು ಕುಣಿದುಬಿಟ್ಟಳು. "ತಪ್ಪು ನಂದೇ, ಒಪ್ಕೊಂಡೆ," ಎಂದ ಭಾವ. "ಅರ್ಧ ನಂದೂ ಇದೆ ಬಿಡಿ," ಎಂದಳು ಅವಳು, ದೊಡ್ಡ ಮನಸ್ಸು ಮಾಡಿ.

ಮರುದಿನ ಹೆರಿಗೆ ವಾರ್ಡಿನಿಂದ ಮೊದಲ ನಿಜವಾದ ಬೇಡಿಕೆ ಬಂತು. ಎರಡು ಗಂಟೆ ಕಳೆಯುವುದರೊಳಗೆ ಅಕ್ಕನ ಫೋನ್.

"ಬಂತು ಕಣೇ! ರಕ್ತ ಏರಿಸಿದ್ದೂ ಆಯ್ತು. ತಾಯಿ ಕಣ್ಣು ಬಿಟ್ಟು ಮಗು ಎಲ್ಲಿ ಅಂತ ಕೇಳ್ತಿದ್ದಾಳೆ."